ವಿಟ್ಲಿಯವರನ್ನು ಕಟ್ಟಿಹಾಕಿದ ವರ್ಷ

ನೋವಿನ ಮುಲಾಮಿನ ವಾಸನೆಗೆ ಬೇರೆಯವರ ತಲೆನೋವು ಇಳಿಯುತ್ತದೆ, ನನಗೆ ಸಿಟ್ಟು ಏರುತ್ತದೆ. ಕಳೆದ ವಾರ ಸ್ಯಾನ್ ಡಿಯಾಗೋಗೆ ಹೋಗಿದ್ದಾಗ ಮೀರಾ ಮೆಸಾ ಬಡಾವಣೆಯ ದಿನಸಿ ಅಂಗಡಿಯಲ್ಲಿ ಕುಚ್ಚಲಕ್ಕಿ ಹುಡುಕುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸಾಮಾನಿನ ಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾರಿನಲ್ಲಿ ಕೂತುಬಿಟ್ಟೆ. ಆ ಸಿಟ್ಟು ಹುಟ್ಟಿ ಎಷ್ಟೋ ವರ್ಷಗಳಾಗಿವೆ.

ಅದು ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ವರ್ಷ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿ ಸ್ಯಾನ್ ಡಿಯಾಗೋದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೆ ಹೋಗುವ ಸಣ್ಣ ಆಸ್ಪತ್ರೆ. ಇಲ್ಲಿ ಅದು ವಯಸ್ಸಾದವರನ್ನು ತಂದು ಬಿಡುವ ಜಾಗ. ಬಂದವರಲ್ಲಿ ನಡೆದುಕೊಂಡು ವಾಪಸು ಹೋಗುವವರು ಕಡಿಮೆ.

ನನ್ನ ಗಂಡ ಮುರಳಿ ಮೈಸೂರಿನವರು. ಲಾಸ್ ಏಂಜಲೀಸಿನ ಹತ್ತಿರದ ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ವಾರವಿಡೀ ಅಲ್ಲೇ ಸ್ನೇಹಿತರ ಜೊತೆ ಒಂದು ರೂಮಿನಲ್ಲಿದ್ದು ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆ ದಿನಗಳಲ್ಲಿ ಅಂಥ ಕಂಪನಿಗಳಿಂದ ಜನರನ್ನು ತೆಗೆಯುತ್ತಲೇ ಇದ್ದರು, ಯಾವ ವಾರ ಯಾರ ಸರದಿ ಎಂದು ಹೇಳುವಂತಿರಲಿಲ್ಲ. ಹಾಗಾಗಿ ನಮ್ಮಿಬ್ಬರ ಗ್ರೀನ್ ಕಾರ್ಡಿನ ಅರ್ಜಿ ನಿಂತಿದ್ದು ನನ್ನ ಕೆಲಸದ ಮೇಲೆ. ಆ ಕೆಲಸ ಕೊಡಿಸಿದವರು ಬೆಂಗಳೂರಿನ ಡಾಕ್ಟರ್ ನಾಗಭೂಷಣ. ಸ್ಯಾನ್ ಡಿಯಾಗೋದ ಕನ್ನಡಿಗರಿಗೆಲ್ಲ ಅವರು ಹಿರಿಯರು, ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕುವವರು. ನಮ್ಮ ಹೋಮಿನ ಡಾಕ್ಟರೂ ಅವರೇ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ.

ಅರ್ನೆಸ್ಟ್ ವಿಟ್ಲಿ ಬಂದದ್ದು ಜನವರಿಯ ಮಳೆಯಲ್ಲಿ. ತೊಂಬತ್ತು ದಾಟಿದ ಎತ್ತರದ ಮನುಷ್ಯ. ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಬಂದಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ದೂರದ ಯಾವುದೋ ರಾಜ್ಯದಲ್ಲಿ ತಂಗಿಯ ಮಗಳೊಬ್ಬಳಿದ್ದಳು, ಅಷ್ಟೇ. ಅವರ ರೂಮಿಗೆ ಹೋದರೆ ಮೊದಲು ಮುಲಾಮಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ತೊಡೆಗೆ, ಮೀನಖಂಡಕ್ಕೆ ತಾವೇ ಹಚ್ಚಿ ತಿಕ್ಕಿಕೊಳ್ಳುತ್ತಿದ್ದರು. ಹದಿನೆಂಟರ ಹರೆಯದಿಂದ ಬಂದ ಅಭ್ಯಾಸವಂತೆ.

ಮೊದಲ ದಿನ ಅವರ ಬಲಗಾಲನ್ನು ಎತ್ತಿ ನೋಡಿದಾಗ ಪಾದದ ಗಂಟಿನ ಒಳಬದಿಯಲ್ಲಿ ಹಳೆಯ ಗಾಯಗಳು ಒಂದರ ಮೇಲೊಂದು ಕೂತು ಚರ್ಮ ದಡ್ಡುಗಟ್ಟಿತ್ತು. ಮೊಣಕಾಲಿನ ಒಳಗೂ ಹಾಗೇ. ಎಡಗಾಲಿಗೆ ಏನೂ ಇರಲಿಲ್ಲ.

"ಇದೇನು, ಯಾವುದಾದ್ರೂ ಮಶೀನಿಗೆ ಸಿಕ್ಕಿತ್ತಾ?" ಎಂದು ಕೇಳಿದೆ.

"ಹರ್ಡಲ್," ಎಂದರು. "ಹಾರುವಾಗ ಹಿಂದೆ ಬರೋ ಕಾಲು ಅದು. ಸ್ವಲ್ಪ ತಡವಾದ್ರೂ ಹಲಗೆಗೆ ಬಡಿಯುತ್ತೆ."

ಅದಾದ ಮೇಲೆ ದಿನವೂ ವ್ಯಾಯಾಮ ಮಾಡಿಸುತ್ತಾ ನಾನು ಕೇಳುವುದು, ಅವರು ಹೇಳುವುದು. ಅವರ ಅಪ್ಪ ಸ್ಯಾನ್ ಡಿಯಾಗೋದ ಪೂರ್ವದ ಕಣಿವೆಯಲ್ಲಿ ನಿಂಬೆತೋಟದ ಕೂಲಿ. ಸಾಲುಗಳ ನಡುವೆ ಹಣ್ಣಿನ ಪೆಟ್ಟಿಗೆಗಳನ್ನು ಇಟ್ಟಿರುತ್ತಿದ್ದರು, ಇವರು ಶಾಲೆಗೆ ತಡವಾಗಿದೆಯೆಂದು ಅವುಗಳ ಮೇಲೆ ಹಾರಿ ಓಡುತ್ತಿದ್ದರು. ಅದನ್ನು ನೋಡಿದ ಮೇಷ್ಟ್ರೊಬ್ಬರು ಇವರನ್ನು ಹರ್ಡಲ್ಸ್ ಓಟಕ್ಕೆ ಹಚ್ಚಿದರು. ಲಾಸ್ ಏಂಜಲೀಸಿನ ಒಂದು ಕಾಲೇಜು ಕರೆದು ಸೇರಿಸಿಕೊಂಡಿತು. ಊಟಕ್ಕೆ ಹಾಸ್ಟೆಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಓಟ ಶುರುಮಾಡುವಾಗ ಪಾದ ಊರಿ ಚಿಮ್ಮಲು ಈಗಿನ ಹಾಗೆ ಕಬ್ಬಿಣದ ಸಲಕರಣೆ ಇರಲಿಲ್ಲ. ಓಟದ ದಾರಿಯ ಬೂದಿಮಣ್ಣಿನಲ್ಲಿ ಸಣ್ಣ ಕರಣೆಯಿಂದ ತಾವೇ ಗುಳಿ ತೋಡಿಕೊಳ್ಳಬೇಕಿತ್ತು. ಹರ್ಡಲಿನ ಮೇಲ್ಹಲಗೆಗೆ ಸೀಮೆಸುಣ್ಣ ಬಳಿದು ಹಾರುತ್ತಿದ್ದರಂತೆ. ಚಡ್ಡಿಗೆ ತೆಳ್ಳಗೆ ಬಿಳಿ ಗೀರು ಬಿದ್ದರೆ ಸರಿಯಾಗಿ ಹಾರಿದಂತೆ. ಗೀರಿಲ್ಲದಿದ್ದರೆ ಬೇಡದಷ್ಟು ಎತ್ತರ ಹಾರಿ ಹೊತ್ತು ಕಳೆದಂತೆ.

ಇಪ್ಪತ್ತರ ಆಸುಪಾಸಿನಲ್ಲಿ ಒಲಿಂಪಿಕ್ಸಿಗೆ ಆಯ್ಕೆಯಾಗಿ ಹಡಗಿನಲ್ಲಿ ಯುರೋಪಿಗೆ ಹೋದರು. ಹಡಗಿನ ಡೆಕ್ಕಿನ ಮೇಲೆ ಒಂದೇ ಒಂದು ಹರ್ಡಲ್ ಇಟ್ಟುಕೊಂಡು ಅಭ್ಯಾಸ ಮಾಡಬೇಕಿತ್ತು. ಹಾರುವ ಹೊತ್ತಿಗೆ ಹಡಗು ವಾಲಿದರೆ ಹಲಗೆ ಒಂದು ಕಡೆ, ಮನುಷ್ಯ ಒಂದು ಕಡೆ. ಅಲ್ಲಿ ಫೈನಲ್ ತಲುಪಿದರು. ಅರ್ಧ ದಾರಿಯವರೆಗೆ ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಈ ಬಲಗಾಲು ಹಲಗೆಗೆ ತಗುಲಿತು. ನಾಲ್ಕನೆಯವರಾದರು.

"ಪದಕಕ್ಕೂ ನನಗೂ ಮಧ್ಯೆ ಒಬ್ಬನ ಎದೆ ಅಷ್ಟೇ ಇತ್ತು," ಎಂದು ಅಂಗೈ ಅಗಲಿಸಿ ತೋರಿಸಿದರು. "ಪರವಾಗಿಲ್ಲ, ಇನ್ನೊಂದು ಒಲಿಂಪಿಕ್ಸ್ ಇದೆಯಲ್ಲ ಅಂದ್ಕೊಂಡೆ."

ಊರಿಗೆ ಬಂದು ಹಿಂದೆಂದೂ ಇಲ್ಲದ ಹಾಗೆ ಓಡುತ್ತಿದ್ದರು. ಆಗ ಅಪ್ಪ ಕಾಯಿಲೆ ಬಿದ್ದರು. ಬೇಸಿಗೆ ರಜೆಯಲ್ಲಿ ಒಂದು ಶಾಲೆಯ ಮಕ್ಕಳಿಗೆ ಓಟ, ಈಜು ಹೇಳಿಕೊಟ್ಟು ಸಂಬಳ ತೆಗೆದುಕೊಂಡರು. ಯಾರೋ ಚಾಡಿ ಹೇಳಿದರು. ಆಗ ಹವ್ಯಾಸಿಗಳು ಮಾತ್ರ ಓಡಬಹುದಿತ್ತು, ಆಟದಿಂದ ದುಡ್ಡು ಮುಟ್ಟಿದವನು ಅಮೆಚೂರ್ ಅಲ್ಲ ಎಂದು ಅಥ್ಲೆಟಿಕ್ಸ್ ಸಂಘದವರು ಜೀವಮಾನಕ್ಕೆ ನಿಷೇಧ ಹಾಕಿಬಿಟ್ಟರು. ಮುಂದಿನ ಒಲಿಂಪಿಕ್ಸಿಗೆ ಹಡಗು ಹೊರಟಾಗ ಇವರು ಮೇಷ್ಟ್ರಾಗಿ ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದರು. ಅದರ ಮುಂದಿನದು ಲಾಸ್ ಏಂಜಲೀಸಿಗೇ ಬಂತು. ಆಗ ಇವರಿಗೆ ಸಿಕ್ಕ ಕೆಲಸ, ಓಟಕ್ಕೆ ಮುಂಚೆ ಹರ್ಡಲ್‌ಗಳನ್ನು ಹೊತ್ತು ತಂದು ಸಾಲಾಗಿ ಇಡುವುದು. ಅದಕ್ಕೆ ತಾವಾಗಿಯೇ ಹೆಸರು ಕೊಟ್ಟಿದ್ದರು.

ನನಗೆ ಮೈ ಉರಿದುಹೋಯಿತು. "ನಿಮಗೆ ಸಿಟ್ಟು ಬರಲಿಲ್ವಾ?"

"ಬಂತು. ಯಾರ ಮೇಲೆ ತೀರಿಸ್ಕೊಳ್ಳಲಿ? ಅವರು ಒಂದು ಮೇಜಿನ ಹಿಂದೆ ಕೂತಿದ್ರು. ಅವರಲ್ಲಿ ಒಬ್ಬನೂ ಹರ್ಡಲ್ ಹಾರಿದವನಲ್ಲ. ಕಾಗದ ಓದಿದ್ರು, ಕಾಫಿ ಕುಡಿದ್ರು, ನನ್ನನ್ನು ಹೊರಗೆ ಕಳಿಸಿದ್ರು."

ಮಾರ್ಚ್ ಮುಗಿಯುವ ಹೊತ್ತಿಗೆ ವಾಕರ್ ಹಿಡಿದು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಚೇತರಿಸಿಕೊಂಡವರನ್ನು ನಾನು ನೋಡಿರಲಿಲ್ಲ. ಇನ್ನೆರಡು ತಿಂಗಳಲ್ಲಿ ಮನೆಗೆ ಕಳಿಸಬಹುದು ಎಂದು ಫೈಲಿನಲ್ಲಿ ಬರೆದೆ.

ಅಷ್ಟರಲ್ಲಿ ಒಂದು ಬೆಳಗಿನ ಜಾವ ಅವರಿಗೆ ಟಾಯ್ಲೆಟ್ಟಿಗೆ ಹೋಗಬೇಕಾಯಿತು. ಗಂಟೆ ಒತ್ತಿದರು, ಯಾರೂ ಬರಲಿಲ್ಲ. ಹಾಸಿಗೆಯ ಎರಡೂ ಕಡೆ ಕಬ್ಬಿಣದ ಕಂಬಿ ಎತ್ತಿ ನಿಲ್ಲಿಸಿದ್ದರು. ಅವರು ಕಂಬಿ ದಾಟಿ ಇಳಿದು, ನೆಲಕ್ಕೆ ಕೂತುಬಿಟ್ಟರು. ಏನೂ ಪೆಟ್ಟಾಗಿರಲಿಲ್ಲ. ಆದರೆ ಮರುದಿನ ನಾನು ಕೆಲಸಕ್ಕೆ ಹೋದಾಗ ನರ್ಸುಗಳ ಮೇಜಿನೆದುರು, ಕಾರಿಡಾರಿನಲ್ಲಿ, ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಎದೆಗೆ ದಪ್ಪ ಬಟ್ಟೆಯ ಒಂದು ತೋಳಿಲ್ಲದ ಅಂಗಿ. ಅದರ ಪಟ್ಟಿಗಳನ್ನು ಕುರ್ಚಿಯ ಹಿಂದೆ ಗಂಟು ಹಾಕಿದ್ದರು. ಕೈ ಎಷ್ಟು ಚಾಚಿದರೂ ಆ ಗಂಟು ಎಟುಕುವಂತಿರಲಿಲ್ಲ. ಪ್ಯಾಂಟು ಒದ್ದೆಯಾಗಿತ್ತು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆಯಾ ಕೆಲಸದ ಟೆಸ್ಸಿ, ಫಿಲಿಪೀನ್ಸಿನವಳು, ನನ್ನನ್ನು ಕಂಡು ತಲೆ ತಗ್ಗಿಸಿದಳು. "ಮ್ಯಾನೇಜರ್ ಆರ್ಡರ್. ಡಾಕ್ಟರ್ ಸೈನ್ ಮಾಡಿದ್ದಾರೆ. ನಾನೇನು ಮಾಡಲಿ ಜಯಂತಿ? ಈ ರೂಮುಗಳ ಇಡೀ ಸಾಲಿಗೆ ನಾನೊಬ್ಬಳೇ ಇದ್ದೀನಿ."

ಅವಳ ಮೇಲೆ ಸಿಟ್ಟು ಮಾಡಿ ಫಲವಿರಲಿಲ್ಲ. ಇಬ್ಬರು ಮಾಡುವ ಕೆಲಸಕ್ಕೆ ಒಬ್ಬಳನ್ನು ಇಟ್ಟು ಉಳಿದದ್ದಕ್ಕೆ ಹಗ್ಗ ಕೊಟ್ಟವರು ಬೇರೆ. ಮ್ಯಾನೇಜರ್ ಹೆಂಗಸಿನ ಹತ್ತಿರ ಹೋದೆ. ಅವಳು, ವಿಟ್ಲಿಯವರ ತಂಗಿಯ ಮಗಳು ಫೋನಿನಲ್ಲಿ ಒಪ್ಪಿದ್ದಾಳೆ, ಡಾಕ್ಟರ ಸಹಿ ಇದೆ, ಮುಗಿಯಿತು ಎಂದಳು. ಕೆಲಸ ಸುಲಭವಾಗಲಿ ಎಂದು ಯಾರನ್ನೂ ಕಟ್ಟುವಂತಿಲ್ಲ ಎಂದು ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಅದು ಅವಳಿಗೂ ಗೊತ್ತಿತ್ತು.

ಆ ಭಾನುವಾರ ಡಾಕ್ಟರ್ ಅಂಕಲ್ ಮನೆಗೆ ಹೋದೆ. ಹಿತ್ತಿಲಲ್ಲಿ ಗುಲಾಬಿ ಗಿಡ ಕತ್ತರಿಸುತ್ತಿದ್ದರು. ಆಂಟಿ ಕಾಫಿ ತಂದಿಟ್ಟು ಒಳಗೆ ಹೋದರು.

"ಅಂಕಲ್, ವಿಟ್ಲಿಯವರನ್ನು ಕಟ್ಟಲಿಕ್ಕೆ ನೀವು ಸೈನ್ ಮಾಡಿದ್ದೀರಂತೆ. ಅವರನ್ನು ನೋಡಿದ್ದೀರಾ?"

"ನೋಡಬೇಕಾಗಿಲ್ಲಮ್ಮ. ತೊಂಬತ್ತು ದಾಟಿದವರು, ಕಂಬಿ ಹತ್ತಿ ಬಿದ್ದಿದ್ದಾರೆ. ಫೋನ್ ಮಾಡಿದ್ರು, ಆಯ್ತು ಅಂದೆ."

"ಬಿದ್ದದ್ದಲ್ಲ, ಕೂತದ್ದು. ಗಂಟೆ ಒತ್ತಿದ್ರೆ ಯಾರೂ ಬರಲಿಲ್ಲ. ಅವರು ನಡೀತಾರೆ ಅಂಕಲ್. ಹೀಗೆ ಕಟ್ಟಿ ಕೂರಿಸಿದ್ರೆ ಒಂದು ತಿಂಗಳಿಗೆ ಕಾಲಿನ ಶಕ್ತಿ ಎಲ್ಲಾ ಹೋಗ್ತದೆ. ನಿಮಗೆ ಗೊತ್ತುಂಟಲ್ಲ."

ಅವರು ಕತ್ತರಿ ಕೆಳಗಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡು ಜಯಂತಿ, ಈ ದೇಶದಲ್ಲಿ ಪೇಷೆಂಟ್ ಬಿದ್ದು ಮೂಳೆ ಮುರ್ಕೊಂಡ್ರೆ ಕೇಸ್ ಹಾಕ್ತಾರೆ. ಕುರ್ಚೀಲಿ ಸುಮ್ಮನೆ ಕೂತಿದ್ದು ಸತ್ರೆ ಯಾರೂ ಹಾಕಲ್ಲ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ನೀನು ಮೊನ್ನೆ ಬಂದವಳು. ನಿನ್ನ ಪೇಪರ್ಸ್ ಆಗೋವರೆಗಾದ್ರೂ ತಲೆ ಬಗ್ಗಿಸ್ಕೊಂಡು ಕೆಲಸ ಮಾಡು."

ಕಾಫಿ ಮುಟ್ಟದೆ ಎದ್ದು ಬಂದೆ. ಹಿರಿಯರ ಮುಂದೆ ದನಿ ಎತ್ತಬಾರದು ಎಂದು ಬೆಳೆಸಿದ್ದರು. ಆ ಹೊತ್ತು ಅದನ್ನೇ ಪಾಲಿಸಿದೆ.

ಮುರಳಿಗೂ ಹೇಳಿದೆ. "ಅವರು ಹೇಳಿದ್ರಲ್ಲಿ ತಪ್ಪೇನಿದೆ?" ಎಂದರು. "ನಮ್ಮ ಆಫೀಸಲ್ಲಿ ಈ ವಾರ ಮತ್ತಿಬ್ಬರನ್ನ ಕಳಿಸಿದ್ದಾರೆ. ನಿನ್ನ ಕೆಲಸಾನೂ ಹೋದ್ರೆ ಇಬ್ಬರೂ ಗಂಟು ಮೂಟೆ ಕಟ್ಕೊಂಡು ಊರಿಗೆ ಹೋಗಬೇಕು. ಅಷ್ಟಕ್ಕೂ ಆ ಮುದುಕ ನಿನಗೇನಾಗಬೇಕು?"

"ಎಂತದೂ ಆಗಬೇಕಾಗಿಲ್ಲ ಮಾರಾಯ್ರೆ. ಒದ್ದೆ ಪ್ಯಾಂಟಲ್ಲಿ ಕೂತಿದ್ದರು," ಎಂದೆ. ಮರುದಿನ ಬೆಳಿಗ್ಗೆ ಅವರು ತಿಂಡಿ ತಿನ್ನದೆ ಎಲ್ ಸೆಗುಂಡೋಗೆ ಹೊರಟರು.

ಎರಡು ತಿಂಗಳು ಹಾಗೇ ಕಳೆಯಿತು. ನನ್ನ ವ್ಯಾಯಾಮದ ಹೊತ್ತಿನಲ್ಲಿ ಮಾತ್ರ ಪಟ್ಟಿ ಬಿಚ್ಚುತ್ತಿದ್ದರು, ಮುಗಿದ ಕೂಡಲೇ ಮತ್ತೆ ಗಂಟು. ವಿಟ್ಲಿಯವರ ತೊಡೆ ಸಣಕಲಾಗುತ್ತಾ ಬಂದದ್ದು ನನ್ನ ಕೈಗೆ ತಿಳಿಯುತ್ತಿತ್ತು. ಮಾತು ಕಡಿಮೆಯಾಯಿತು. ಮುಲಾಮಿನ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿಟ್ಟಿದ್ದರು. ಕಟ್ಟಿದ ಮನುಷ್ಯನಿಗೆ ಅದು ಎಟುಕುವುದಾದರೂ ಹೇಗೆ? ನಾನೇ ತೆಗೆದು ಹಚ್ಚುತ್ತಿದ್ದೆ.

ಜೂನ್ ತಿಂಗಳು ಬಂತು. ಸಮುದ್ರದಿಂದ ಮೋಡ ಹತ್ತಿ ಮಧ್ಯಾಹ್ನದವರೆಗೂ ಬೂದಿ ಬಣ್ಣದ ಬೆಳಕು. ಒಲಿಂಪಿಕ್ಸ್ ವರ್ಷವಾದ್ದರಿಂದ ಎಲ್ಲರಿಗೂ ಹಳೆಯ ಓಟಗಾರರ ನೆನಪಾಗಿತ್ತು. ವಿಟ್ಲಿಯವರು ಓದಿದ ಕಾಲೇಜು ತನ್ನ ಹಿಂದಿನ ಒಲಿಂಪಿಕ್ಸ್ ಆಟಗಾರರನ್ನು ಕರೆದು ಸನ್ಮಾನ ಮಾಡಲು ಹೊರಟಿತು. ನಮ್ಮ ಮ್ಯಾನೇಜರಿಗೆ ಹಿಗ್ಗೋ ಹಿಗ್ಗು. ಅವರಿಗೆ ಹೊಸ ಕೋಟು ತೊಡಿಸಿ, ಹೋಮಿನ ಹೆಸರು ಬರೆದ ವ್ಯಾನಿನಲ್ಲಿ ನನ್ನ ಜೊತೆ ಲಾಸ್ ಏಂಜಲೀಸಿಗೆ ಕಳಿಸಿದಳು. ಹೊರಡುವಾಗ ಬಾಗಿಲಲ್ಲಿ ಫೋಟೋ. ಆವತ್ತು ಪಟ್ಟಿ ಇರಲಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ.

ದಾರಿಯುದ್ದಕ್ಕೂ ಅವರು ಸಮುದ್ರ ನೋಡುತ್ತಾ ಕೂತಿದ್ದರು. ಮುರಳಿ ಎಲ್ ಸೆಗುಂಡೋದಿಂದ ಅಲ್ಲಿಗೆ ಬಂದಿದ್ದರು. ಬರುತ್ತೇನೆ ಎಂದು ನನಗೆ ಹೇಳಿರಲಿಲ್ಲ. ವಿಟ್ಲಿಯವರನ್ನು ಇಳಿಸಲು ಅವರೇ ತೋಳು ಕೊಟ್ಟರು.

ಓಟದ ಮೈದಾನದ ಒಂದು ಬದಿಯಲ್ಲಿ ವೇದಿಕೆ. ಪಕ್ಕದಲ್ಲೇ ಯಾರೋ ಅಭ್ಯಾಸ ಮಾಡಿ ಬಿಟ್ಟ ಹರ್ಡಲ್‌ಗಳು ಸಾಲಾಗಿ ನಿಂತಿದ್ದವು. ವಿಟ್ಲಿಯವರು ವಾಕರ್ ತಿರುಗಿಸಿ ಅತ್ತ ನಡೆದರು. ಮೇಲಿನ ಹಲಗೆಯ ಮೇಲೆ ಅಂಗೈ ಇಟ್ಟು ಒತ್ತಿದರು. ಅದು ಸುಲಭವಾಗಿ ವಾಲಿ ಬಿತ್ತು.

"ಇಷ್ಟು ಹಗುರ," ಎಂದರು. "ನಮ್ಮ ಕಾಲದ್ದು ಬೀಳ್ತಿರಲಿಲ್ಲ. ನಾವೇ ಬೀಳ್ತಿದ್ವಿ."

ವೇದಿಕೆಯಲ್ಲಿ ಅಥ್ಲೆಟಿಕ್ಸ್ ಸಂಘದ ಪದಾಧಿಕಾರಿಯೊಬ್ಬ ನೀಲಿ ಕೋಟು ಹಾಕಿಕೊಂಡು ಒಬ್ಬೊಬ್ಬರ ಪರಿಚಯ ಓದಿದ. ವಿಟ್ಲಿಯವರ ಸರದಿ ಬಂದಾಗ, ಯುರೋಪಿನ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ, ಬಳಿಕ ಮಕ್ಕಳಿಗೆ ಪಾಠ ಹೇಳುವ ಪ್ರೀತಿಯಿಂದ ತಾವಾಗಿಯೇ ಓಟದಿಂದ ನಿವೃತ್ತರಾದವರು, ಹಣಕ್ಕಾಗಿ ಆಡದ ಆ ಕಾಲದ ನಿಷ್ಕಲ್ಮಶ ಕ್ರೀಡಾಮನೋಭಾವಕ್ಕೆ ಇವರೇ ಸಾಕ್ಷಿ ಎಂದ.

ವಿಟ್ಲಿಯವರು ಎದ್ದು, ವಾಕರನ್ನು ಪಕ್ಕಕ್ಕೆ ಸರಿಸಿ, ಮೈಕಿನ ಕಂಬವನ್ನೇ ಹಿಡಿದು ನಿಂತರು.

"ನಾನು ನಿವೃತ್ತನಾಗಲಿಲ್ಲ," ಎಂದರು. ದನಿ ಒಣಗಿತ್ತು, ಆದರೆ ಮೈದಾನವೆಲ್ಲ ಕೇಳುವಂತಿತ್ತು. "ನೀವು ನನ್ನನ್ನ ಹೊರಗೆ ಹಾಕಿದಿರಿ. ಅಪ್ಪನ ಔಷಧಿಗೆ ಅಂತ ಒಂದು ಬೇಸಿಗೆ ದುಡಿದೆ. ನಾನು ಇನ್ನೂ ವೇಗವಾಗಿ ಓಡಬಲ್ಲವನಾಗಿದ್ದೆ. ಅದು ಎಷ್ಟು ವೇಗ ಅಂತ ನನಗೂ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗಲಿಲ್ಲ."

ನೀಲಿ ಕೋಟಿನವನು ನಕ್ಕು ಚಪ್ಪಾಳೆ ಹೊಡೆದ. ಮುದುಕನ ತಮಾಷೆ ಎಂದುಕೊಂಡು ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ಎಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದರೆ ಅದಕ್ಕೂ ಚಪ್ಪಾಳೆ. ಕೊರಳಿಗೆ ಒಂದು ರಿಬ್ಬನ್ ಹಾಕಿ ಕೂರಿಸಿದರು.

ಹೊರಡುವಾಗ ಮುರಳಿ ವ್ಯಾನಿನ ಬಾಗಿಲು ಹಿಡಿದು ನಿಂತು ನನ್ನನ್ನು ಕೇಳಿದರು: "ಇವರನ್ನಾ ಕಟ್ಟಿಹಾಕೋದು?"

"ಇವರನ್ನೇ."

ಅವರು ವ್ಯಾನಿನ ಬಾಗಿಲು ಮೆಲ್ಲಗೆ ಮುಚ್ಚಿದರು.

ಸಂಜೆ ಹೋಮಿಗೆ ಮುಟ್ಟಿದಾಗ ಗಾಲಿಕುರ್ಚಿ ಬಾಗಿಲಲ್ಲೇ ಕಾಯುತ್ತಿತ್ತು. ಅದರ ಮೇಲೆ ಆ ಅಂಗಿ ಮಡಚಿಟ್ಟಿತ್ತು. ಮ್ಯಾನೇಜರ್ "ಹೇಗಾಯಿತು ನಮ್ಮ ಚಾಂಪಿಯನ್ ಪ್ರೋಗ್ರಾಂ?" ಎಂದು ನಗುತ್ತಾ ಬಂದಳು. ವಿಟ್ಲಿಯವರು ರಿಬ್ಬನ್ ತೆಗೆದು ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಕಟ್ಟಿಸಿಕೊಳ್ಳಲು ತಾವಾಗಿಯೇ ಎರಡೂ ಕೈ ಮುಂದೆ ಚಾಚಿದರು. ಬೆಳಿಗ್ಗೆ ಅಷ್ಟು ಜನರ ಮುಂದೆ ನೆಟ್ಟಗೆ ನಿಂತ ಮನುಷ್ಯ, ಶಾಲೆಗೆ ಹೊರಟ ಮಗು ಅಂಗಿ ಹಾಕಿಸಿಕೊಳ್ಳುವ ಹಾಗೆ.

ನನ್ನ ಜೇಬಿನಲ್ಲಿ ಬ್ಯಾಂಡೇಜು ಕತ್ತರಿಸುವ ಕತ್ತರಿಯಿತ್ತು. ಆ ಅಂಗಿಯನ್ನು ಎತ್ತಿಕೊಂಡು ಅದರ ಪಟ್ಟಿಗಳನ್ನು ಒಂದೊಂದಾಗಿ ಬುಡದಿಂದ ಕತ್ತರಿಸಿದೆ. ಬಟ್ಟೆ ದಪ್ಪವಾಗಿತ್ತು, ಬೇಗ ಹರಿಯಲಿಲ್ಲ. ನನ್ನ ಬೆರಳಿಗೆ ಬೊಬ್ಬೆ ಬಂತು. ಮ್ಯಾನೇಜರ್ ಏನೇನೋ ಹೇಳುತ್ತಿದ್ದಳು. ಟೆಸ್ಸಿ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು. ತುಂಡುಗಳನ್ನು ಕಸದ ಡಬ್ಬಿಗೆ ಹಾಕಿ, "ಇವರನ್ನು ನಾಳೆ ಮತ್ತೆ ಕಟ್ಟಿದರೆ ಇನ್ಸ್‌ಪೆಕ್ಷನ್ ಆಫೀಸಿನವರು ನಾಡಿದ್ದು ಬರುತ್ತಾರೆ," ಎಂದೆ.

ಮರುದಿನ ಹೊಸ ಅಂಗಿ ತಂದು ಕಟ್ಟಿದರು. ನನ್ನನ್ನು ಕೆಲಸದಿಂದ ತೆಗೆದರು. ನಾನು ಅಂದೇ ರಾಜ್ಯ ಸರ್ಕಾರದ ಇನ್ಸ್‌ಪೆಕ್ಷನ್ ಆಫೀಸಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಡಾಕ್ಟರ ಹೆಸರನ್ನೂ ಬಿಡಲಿಲ್ಲ. ಟೆಸ್ಸಿ ತನ್ನ ಕೆಲಸ ಹೋದರೂ ಚಿಂತೆಯಿಲ್ಲ ಎಂದು ಬಂದು ಸಾಕ್ಷಿ ಹೇಳಿದಳು. ಆಕೆಯದು ಹೋಗಲಿಲ್ಲ. ಅಧಿಕಾರಿಗಳು ತಿಳಿಸದೆ ಹೋಗಿ ನೋಡಿದಾಗ ಆ ಸಾಲಿನಲ್ಲಿ ವಿಟ್ಲಿಯವರಲ್ಲದೆ ಇನ್ನೂ ಹಲವರು ಕುರ್ಚಿಗೆ ಕಟ್ಟಿಸಿಕೊಂಡು ಕೂತಿದ್ದರಂತೆ. ಪಟ್ಟಿಗಳೆಲ್ಲ ಹೋದವು. ಇನ್ನೊಬ್ಬ ಆಯಾಳನ್ನು ನೇಮಿಸಬೇಕಾಯಿತು. ಮ್ಯಾನೇಜರನ್ನು ಬೇರೆ ಊರಿನ ಹೋಮಿಗೆ ಕಳಿಸಿದರು. ಡಾಕ್ಟರಿಗೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟರು, ಅಷ್ಟೇ.

ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಬಿದ್ದುಹೋಯಿತು. ನಾನು ಮುರಳಿಯ ವೀಸಾದ ಮೇಲೆ ಮನೆಯಲ್ಲಿ ಕೂರುವ ಹೆಂಡತಿಯಾದೆ. ಮುರಳಿ ವ್ಯಾನ್ ಬಾಡಿಗೆಗೆ ತಂದು ಮೀರಾ ಮೆಸಾದ ಮನೆ ಖಾಲಿ ಮಾಡಿ ಎಲ್ ಸೆಗುಂಡೋಗೆ ಕರೆದೊಯ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಕನ್ನಡದವರ ಮನೆಗಳಿಂದ ಊಟಕ್ಕೆ ಕರೆಯುವುದು ನಿಂತಿತು. ಉಂಡ ಮನೆಗೆ ಎರಡು ಬಗೆದವಳು ಎಂದು ಮಾತಾಗಿತ್ತು. ಫೋನಿನಲ್ಲಿ ಒಬ್ಬ ಆಂಟಿ ನೇರವಾಗಿಯೇ ಕೇಳಿದರು: "ಯಾರೋ ಬಿಳಿಯರ ಮುದುಕನಿಗೋಸ್ಕರ ನಮ್ಮವರ ಮಾನ ಕಳೀಬೇಕಿತ್ತಾ?"

"ನಮ್ಮವರೇ ಕಟ್ಟಿಸಿದ್ದು ಆಂಟಿ," ಎಂದು ಫೋನ್ ಇಟ್ಟೆ.

ಬೇಸಿಗೆಯಿಡೀ ಟೆಸ್ಸಿ ಆಗಾಗ ಫೋನ್ ಮಾಡಿ ಸುದ್ದಿ ಹೇಳುತ್ತಿದ್ದಳು. ವಿಟ್ಲಿಯವರು ಮತ್ತೆ ನಡೆಯುತ್ತಿದ್ದಾರೆ. ಅಟ್ಲಾಂಟಾದ ಹರ್ಡಲ್ಸ್ ಓಟವನ್ನು ಟಿವಿಯಲ್ಲಿ ನಿಂತುಕೊಂಡೇ ನೋಡಿದರು. ಕಾರಿಡಾರಿನಲ್ಲಿ ಯಾರಾದರೂ ಗಾಲಿಕುರ್ಚಿ ಅಡ್ಡ ನಿಲ್ಲಿಸಿದರೆ ದಾರಿ ಬಿಡಿ ಎಂದು ಗದರುತ್ತಾರೆ. ಮನೆಗೆ ಹೋಗುವಷ್ಟು ಬಲ ಮಾತ್ರ ಬರಲಿಲ್ಲ. ಕಟ್ಟಿಟ್ಟ ಆ ತಿಂಗಳುಗಳು ತಿಂದ ಶಕ್ತಿ ತಿರುಗಿ ಬರಲಿಲ್ಲ.

ಮರುಭೂಮಿಯ ಬಿಸಿಗಾಳಿ ಬೀಸುವ ಅಕ್ಟೋಬರಿನಲ್ಲಿ ಅವರು ಹೋದರು. ಮಧ್ಯಾಹ್ನ ಊಟ ಮುಗಿಸಿ ಹೊರಗಿನ ಅಂಗಳದಲ್ಲಿ ನಡೆಯುತ್ತಿದ್ದಾಗ ಬಿದ್ದರು. ತಲೆಗೆ ಪೆಟ್ಟಾಗಿ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ನಾನು ಟೆಸ್ಸಿಯಿಂದ ವಿಷಯ ಕೇಳಿ ಅಡುಗೆಮನೆಯಲ್ಲಿ ಕೂತಿದ್ದೆ. ಅಷ್ಟರಲ್ಲಿ ಫೋನ್ ಮತ್ತೆ ರಿಂಗಾಯಿತು. ಡಾಕ್ಟರ್ ನಾಗಭೂಷಣ. ತಿಂಗಳುಗಟ್ಟಲೆ ಮಾತಿಲ್ಲದ ಮನುಷ್ಯ.

"ಕೇಳಿದ್ಯಾ ಜಯಂತಿ? ನಿಮ್ಮ ವಿಟ್ಲಿ ಬಿದ್ದು ಸತ್ತರು. ನಾನು ಹೇಳಿರಲಿಲ್ವಾ? ಕಟ್ಟಿದ್ರೆ ಇವತ್ತೂ ಬದುಕಿರ್ತಿದ್ರು."

ಮುರಳಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಈ ಸಲ ನಾನು ದನಿ ತಗ್ಗಿಸಲಿಲ್ಲ.

"ಹೌದು ಡಾಕ್ಟ್ರೇ, ಬದುಕಿರ್ತಿದ್ರು," ಎಂದೆ. "ಒದ್ದೆ ಪ್ಯಾಂಟಲ್ಲಿ, ನರ್ಸುಗಳ ಮೇಜಿನ ಎದುರು. ನೀವು ಅವರನ್ನು ಒಮ್ಮೆಯೂ ನೋಡಿದವರಲ್ಲ. ಬಿದ್ದಾಗ ಅವರು ನಡೀತಾ ಇದ್ದರು."